ಅಜ್ಜನ ಮಡಚುವ ಚಾಕು ಸಿಕ್ಕಿದೆ: ಉಜ್ಜಿ ಹೊಳೆಸಲಾ, ಹಾಗೇ ಬಿಡಲಾ?

ಅಡಿಕೆ_ಚಪ್ಪರ:
ಎಲ್ಲರಿಗೂ ನಮಸ್ಕಾರ. ಹೋದ ವಾರ ಶಿರಸಿ ಹತ್ತಿರದ ನಮ್ಮ ಹಳೇ ಮನೆಯ ಮೆತ್ತಿ ಗುಡಿಸುವಾಗ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ನಾಲ್ಕು ತೂತು ಕಾಸು, ಕಾಲು ಮುರಿದ ಕನ್ನಡಕ, ಮತ್ತೆ ಒಂದು ಮಡಚುವ ಚಾಕು. ಮಡಚಿದರೆ ನನ್ನ ನಡುಬೆರಳಿನಷ್ಟು ಉದ್ದ. ಒಂದೇ ಅಲಗು. ಹಿಡಿ ಹಳದಿ ಬಿಳಿ. ಮೂಳೆಯೋ ಕೊಂಬೋ ತಿಳಿಯಲಿಲ್ಲ. ಒಳಗಿನ ಹಿತ್ತಾಳೆ ತಗಡಿಗೆ ಹಸಿರು ಕಿಲುಬು ಹಿಡಿದಿದೆ. ಅಲಗು ಪೂರ್ತಿ ಕಪ್ಪು, ಓರೆ ಮಾಡಿ ನೋಡಿದರೆ ಅಲ್ಲಲ್ಲಿ ನೀಲಿ. ಕೀಲಿನ ಸಂದಿಯಲ್ಲಿ ಬಿಳಿ ಹಿಟ್ಟಿನಂಥದ್ದು ಗಟ್ಟಿಯಾಗಿ ಕೂತಿದೆ. ಅಲಗಿನ ಬುಡದಲ್ಲಿ ಇಂಗ್ಲಿಷ್ ಅಕ್ಷರಗಳಿವೆ, ಅರ್ಧ ಅಳಿಸಿವೆ.

ಅಜ್ಜ ತೀರಿಹೋಗಿ 20 ವರ್ಷ ಆಯಿತು. ಅವರ ನೆನಪಿಗೆ ಅಂತ ಇಟ್ಟುಕೊಳ್ಳುವ ಆಸೆ. ಸ್ಯಾಂಡ್ ಪೇಪರ್ ಹಾಕಿ ಉಜ್ಜಿದರೆ ಬೆಳ್ಳಗಾಗುತ್ತದಾ?

ಸಾಣೆಕಲ್ಲು:
ಕೈ ಮುಗಿಯುತ್ತೇನೆ, ಸ್ಯಾಂಡ್ ಪೇಪರ್ ಕೆಳಗಿಡಿ. ಮೊದಲು ಅದು ತುಕ್ಕೋ ಅಲ್ಲವೋ ನೋಡಿ. ಕೆಂಪು ಬೇರೆ, ಕಪ್ಪು ಬೇರೆ. ಕೆಂಪು ಉಕ್ಕನ್ನು ತಿನ್ನುತ್ತದೆ. ಕಪ್ಪು ಒಂದು ತೆಳು ಪದರ, ಅದು ಇದ್ದರೆ ಕೆಂಪು ತುಕ್ಕು ಬೇಗ ಹತ್ತುವುದಿಲ್ಲ.

ನಿಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾ? ಅಡಿಕೆ ಬೇಯಿಸಿದ ಚೊಗರು ಕಬ್ಬಿಣಕ್ಕೆ ತಾಗಿದರೆ ಏನಾಗುತ್ತದೆ ಅಂತ ನೋಡಿರುತ್ತೀರಿ. ಒಗರಿರುವ ಯಾವುದೇ ವಸ್ತು ಕಬ್ಬಿಣದ ಜೊತೆ ಸೇರಿದರೆ ನೀಲಿಗಪ್ಪು ಬಣ್ಣ ಬರುತ್ತದೆ. ಅಳಲೆಕಾಯಿಗೆ ಅನ್ನಭೇದಿ, ಅಂದರೆ ಕಬ್ಬಿಣದ ಲವಣ, ಹಾಕಿ ಮಸಿ ಮಾಡುತ್ತಿದ್ದದ್ದು ಇದೇ ಲೆಕ್ಕದಲ್ಲಿ. ಮಾವಿನಕಾಯಿ, ಬಾಳೆಕಾಯಿ ಹೆಚ್ಚಿದರೂ ಹಳೇ ಉಕ್ಕು ಹೀಗೇ ಆಗುತ್ತದೆ. ಸ್ಟೀಲ್ ಚಾಕುವಿಗೆ ಹಾಗಾಗದು, ಅದರಲ್ಲಿ ಕ್ರೋಮಿಯಂ ಇರುತ್ತದೆ. ಅಂದರೆ ನಿಮ್ಮದು ಇಂಗಾಲದ ಉಕ್ಕು. ಖುಷಿಪಡಿ.

ಈಗ ಮಾಡಬೇಕಾದ್ದು ಇಷ್ಟು. ಕೀಲಿಗೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಬೆಳಿಗ್ಗೆ ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಕೆಂಪು ಬಂದರೆ ತುಕ್ಕಿದೆ ಅಂತ. ಆ ಜಾಗವನ್ನಷ್ಟೇ ಎಣ್ಣೆಯಲ್ಲಿ ಅದ್ದಿದ ಬಿದಿರು ಕಡ್ಡಿಯಿಂದ ಕೆರೆಯಿರಿ. ಬಿದಿರು ಉಕ್ಕಿಗಿಂತ ಮೆತ್ತಗೆ, ಗೀರು ಬೀಳುವುದಿಲ್ಲ. ಜೋರಾಗಿ ಎಳೆದು ತೆಗೆಯಬೇಡಿ. ಬೆನ್ನ ಮೇಲಿನ ಸ್ಪ್ರಿಂಗ್ ಪಟ್ಟಿ ಮುರಿದರೆ ಹೊಸದು ಹಾಕುವವರು ಈಗ ಸಿಗುವುದಿಲ್ಲ.

ಧಾರವಾಡ_ಪೇಢೆ:
ತೆಂಗಿನೆಣ್ಣೆ ನಡೆಯಲ್ವಾ ಸರ್? ನಮ್ಮ ಮನೆಯಲ್ಲಿ ಬಾಗಿಲಿಗೂ ಅದೇ, ತಲೆಗೂ ಅದೇ.

ಸಾಣೆಕಲ್ಲು:
ತಲೆಗೆ ಸಾಕು. ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ, ಹಳತಾದರೆ ಧೂಳು ಹಿಡಿದು ಜಿಡ್ಡು ಕಟ್ಟುತ್ತದೆ. ಹಣ್ಣು ಹೆಚ್ಚುವ ಚಾಕು ಆದರೆ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಫಿನ್ ತನ್ನಿ. ಅಲಗಿನಿಂದ ಚೂರು ಹೊಟ್ಟೆಗೆ ಹೋದರೂ ತೊಂದರೆ ಇಲ್ಲ.

ಡಾನ್_ನದಿ_ದಂಡೆ:
ನಾನು ಇರುವುದು ಚಾಕುಗಳಿಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ. ಕೆಲಸಕ್ಕೆ ಬಂದು ಒಂಬತ್ತು ವರ್ಷ. ಬಂದಾಗ ಚಾಕುವಿನ ಹುಚ್ಚು ಇರಲಿಲ್ಲ. ಈ ಊರಿನ ಗಾಳಿಯೇ ಹಚ್ಚಿತು.

ಅಡಿಕೆ_ಚಪ್ಪರ ಅವರೇ, ಆ ಅಕ್ಷರಗಳ ಹತ್ತಿರದ ಫೋಟೋ ಹಾಕಿ. ಅಲಗಿನ ಬುಡದ ಮುದ್ರೆಯೇ ಚಾಕುವಿನ ಜಾತಕ. ನಮ್ಮ ಹಳ್ಳಿಗಳವರೆಗೂ ಬಂದ ಇಂಗ್ಲಿಷ್ ಚಾಕುಗಳಲ್ಲಿ ಜೋಸೆಫ್ ರಾಡ್ಜರ್ಸ್ ದೊಡ್ಡ ಹೆಸರು. ಅವರ ಗುರುತು ಒಂದು ನಕ್ಷತ್ರ, ಪಕ್ಕದಲ್ಲಿ ಮಾಲ್ಟೀಸ್ ಶಿಲುಬೆ. 1682ರಷ್ಟು ಹಳೆಯದು. ಕೆಲವದರಲ್ಲಿ ಕಿರೀಟದ ಎರಡು ಬದಿಗೆ 'ವಿ' ಮತ್ತು 'ಆರ್' ಇದ್ದರೆ ವಿಕ್ಟೋರಿಯಾ ರಾಣಿಯ ಕಾಲ, 'ಜಿ' ಮತ್ತು 'ಆರ್' ಇದ್ದರೆ ಜಾರ್ಜ್ ದೊರೆಗಳ ಕಾಲ. ಇದೇ ಕಂಪನಿಯವರು 1822ರಲ್ಲಿ 1,822 ಅಲಗುಗಳ ಒಂದು ಚಾಕು ಮಾಡಿ, ಆಮೇಲೆ ವರ್ಷಕ್ಕೊಂದು ಅಲಗು ಸೇರಿಸುತ್ತಾ ಹೋದರು. ಅದನ್ನು ಕಿಸೆಯಲ್ಲಿ ಇಡುವ ಮಾತೇ ಇಲ್ಲ ಬಿಡಿ, ಮುಳ್ಳುಹಂದಿ ಇದ್ದ ಹಾಗಿದೆ.

ಇಲ್ಲಿ ಹಿಂದೆ ದೊಡ್ಡ ಕಾರ್ಖಾನೆಗಳ ಜೊತೆಗೆ ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬರೇ ಕೂತು ಕೆಲಸ ಮಾಡುವ ಕಸುಬುದಾರರು ಇದ್ದರು. ಅವರನ್ನು 'ಲಿಟಲ್ ಮೆಸ್ಟರ್' ಅನ್ನುತ್ತಿದ್ದರು. ಒಬ್ಬ ಅಲಗು ಬಡಿಯುವುದು, ಇನ್ನೊಬ್ಬ ಸಾಣೆ ಹಿಡಿಯುವುದು, ಮತ್ತೊಬ್ಬ ಹಿಡಿ ಕೂರಿಸುವುದು. ಮಡಚುವ ಚಾಕು ಮಾಡುವುದರಲ್ಲಿ ಹೆಸರು ಮಾಡಿದ ಸ್ಟಾನ್ ಶಾ ಹುಡುಗನಾಗಿದ್ದಾಗ ಕೆಲಸಕ್ಕೆ ಸೇರಿ 90 ದಾಟಿದ ಮೇಲೂ ಕೂತಿದ್ದರು. 2021ರಲ್ಲಿ ತೀರಿಕೊಂಡರು.

ಅಡಿಕೆ_ಚಪ್ಪರ:
ಅಬ್ಬ, ಇಷ್ಟೆಲ್ಲ ಇದೆಯಾ! ಫೋಟೋ ಹಾಕಿದ್ದೇನೆ. ನನಗೆ 'ಆರ್', 'ಓ', ಆಮೇಲೆ ಮಸುಕು, ಕೊನೆಗೆ 'ಆರ್', 'ಎಸ್' ಕಾಣುತ್ತಿದೆ. ನೀವು ಹೇಳಿದ ಹೆಸರೇ ಇರಬಹುದು ಅನ್ನಿಸಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ.

ಡಾನ್_ನದಿ_ದಂಡೆ:
ನಿದ್ದೆ ಮಾಡಿ. ಆ ಹೆಸರಿಗೆ ಎಷ್ಟು ಬೆಲೆ ಇತ್ತೋ ಅಷ್ಟು ನಕಲೂ ಇತ್ತು. ಮಧ್ಯದಲ್ಲಿ 'ಡಿ' ಇದೆಯಾ ನೋಡಿ. ಎಣ್ಣೆ ಒರೆಸಿ, ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಹಿಡಿದರೆ ಅಳಿಸಿದ ಅಕ್ಷರವೂ ನೆರಳಿನಲ್ಲಿ ಎದ್ದು ಕಾಣುತ್ತದೆ.

ಸಾಣೆಕಲ್ಲು:
ಮುದ್ರೆ ಓದುವುದರಲ್ಲಿ ಅಮೆರಿಕದ ಕೇಸ್ ಕಂಪನಿಯದು ಬಲು ಸುಲಭ. 1970ರಲ್ಲಿ ಹೆಸರಿನ ಕೆಳಗೆ ಹತ್ತು ಚುಕ್ಕೆ ಹಾಕಿದರು. ಮರುವರ್ಷ ಒಂಬತ್ತು, ಅದರ ಮರುವರ್ಷ ಎಂಟು. ಚುಕ್ಕೆ ಎಣಿಸಿದರೆ ಇಸವಿ ಸಿಕ್ಕಿತು. ನಮ್ಮ ಗುಜರಿ ಅಂಗಡಿ ಚಾಕುಗಳಿಗೆ ಅಂಥ ಭಾಗ್ಯ ಇಲ್ಲ. ಬೆಂಗಳೂರಿನ ಸಂಡೇ ಬಜಾರಿನಲ್ಲಿ ನನಗೆ ಸಿಕ್ಕ ಹತ್ತರಲ್ಲಿ ಏಳಕ್ಕೆ ಹೆಸರೇ ಇಲ್ಲ.

ಪುತ್ತೂರು_ಮಳೆ:
ಸ್ವಲ್ಪ ದಾರಿ ತಪ್ಪಿಸುತ್ತೇನೆ, ಬೈಯಬೇಡಿ ಮಾರಾಯ್ರೆ. ನನ್ನ ಬಳಿ ಇರುವುದು ಫ್ರಾನ್ಸಿನ ಒಪಿನೆಲ್, 8ನೇ ನಂಬರಿನದು. ಅಲಗು ಎಂಟೂವರೆ ಸೆಂಟಿಮೀಟರ್. ಸವೋಯ್ ಬೆಟ್ಟದ ಕಡೆ ಜೋಸೆಫ್ ಒಪಿನೆಲ್ ಅನ್ನುವವರು 1890ರಲ್ಲಿ ಶುರು ಮಾಡಿದ್ದು. ಒಂದು ತುಂಡು ಬೀಚ್ ಮರ, ಅದಕ್ಕೊಂದು ಸೀಳು, ಒಂದು ಅಲಗು, ಒಂದು ಕೀಲು. ಸ್ಪ್ರಿಂಗ್ ಇಲ್ಲವೇ ಇಲ್ಲ. ಅಲಗು ಬೆರಳಿನ ಮೇಲೆ ಮಡಚಿಕೊಳ್ಳದ ಹಾಗೆ ತಡೆಯುವ ಉಂಗುರ 1955ರಲ್ಲಿ ಬಂತು. ರೈತರ ಚಾಕು ಅದು, ಹಗುರ, ಅಗ್ಗ.

ಎಲ್ಲ ಸರಿ, ಆದರೆ ಆಟಿ ತಿಂಗಳ ಮಳೆಯಲ್ಲಿ ಮರ ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತದೆ. ಉಗುರು ಹಾಕಿ ಎಳೆದರೆ ಉಗುರೇ ಕೈಗೆ ಬರುತ್ತದೆ. ಕಳೆದ ವರ್ಷ ಹಲಸಿನ ಹಣ್ಣು ಎದುರಿಗಿಟ್ಟುಕೊಂಡು ಇಕ್ಕಳದಲ್ಲಿ ಚಾಕು ತೆರೆದೆ. ಮನೆಯಾಕೆ ಏನೂ ಹೇಳಲಿಲ್ಲ. ಈಳಿಗೆಮಣೆ ತಂದು ಪಕ್ಕದಲ್ಲಿ ಇಟ್ಟು ಹೋದಳು.

ಸಾಣೆಕಲ್ಲು:
ಹ್ಹಹ್ಹ. ಸವೋಯ್‌ನವರೇ ಇದಕ್ಕೆ ಮದ್ದು ಕಂಡುಕೊಂಡಿದ್ದಾರೆ. ಉಂಗುರವನ್ನು ಬೀಗ ಬಿಟ್ಟ ಕಡೆ ತಿರುಗಿಸಿ, ಹಿಡಿಯ ಹಿಂಬದಿಯನ್ನು ಮೇಜಿನ ಅಂಚಿಗೆ ಒಂದು ಏಟು ಹಾಕಿ. ಮೊನೆ ತಾನೇ ಹೊರಗೆ ಇಣುಕುತ್ತದೆ, ಹಿಡಿದು ಎಳೆಯಬಹುದು. ಇನ್ನೊಂದು ದಾರಿ, ಬೇಸಿಗೆಯಲ್ಲಿ ಮರ ಒಣಗಿರುವಾಗಲೇ ಸೀಳಿನ ಒಳಗೆ ಜೇನುಮೇಣ ಕರಗಿಸಿ ಹೀರಿಸಿ. ಹಲಸಿಗೆ ಮುಂಚೆ ಅಲಗಿಗೆ ಎಣ್ಣೆ ಹಚ್ಚುವುದನ್ನು ನಿಮಗೆ ಹೇಳಬೇಕಾಗಿಲ್ಲ.

ಹೊಸಬಳು_ಮೈಸೂರು:
ನಾನು ಈಗಷ್ಟೇ ಶುರು ಮಾಡಿದವಳು. ಅಣ್ಣ ಕೊಡಿಸಿದ ಕೆಂಪು ಸ್ವಿಸ್ ಚಾಕು ಒಂದೇ ಇರುವುದು. ಅದು ಸಾಂಪ್ರದಾಯಿಕ ಅನ್ನಿಸಿಕೊಳ್ಳುತ್ತದಾ, ಇಲ್ಲಾ ನಗುತ್ತೀರಾ?

ಸಾಣೆಕಲ್ಲು:
ನಗುವುದ್ಯಾಕಮ್ಮಾ? ಕಾರ್ಲ್ ಎಲ್ಸೆನರ್ 1884ರಲ್ಲಿ ಇಬಾಕ್‌ನಲ್ಲಿ ಕಸುಬು ಶುರು ಮಾಡಿದ್ದು. 1891ರಿಂದ ಸೈನಿಕರಿಗೆ ಚಾಕು ಕೊಟ್ಟರು. ಈಗ ನಿನ್ನ ಕೈಯಲ್ಲಿರುವುದರ ಮುತ್ತಜ್ಜ ಅಂದರೆ 1897ರ ಅಧಿಕಾರಿಗಳ ಚಾಕು. ತಾಯಿ ವಿಕ್ಟೋರಿಯಾ ಹೆಸರನ್ನು ಕಂಪನಿಗೆ ಇಟ್ಟರು, ಆಮೇಲೆ ತುಕ್ಕು ಹಿಡಿಯದ ಉಕ್ಕು ಬಂದಾಗ ಅದರ ಇನ್ನೊಂದು ಹೆಸರು 'ಇನಾಕ್ಸ್' ಸೇರಿಸಿ ವಿಕ್ಟೋರಿನಾಕ್ಸ್ ಆಯಿತು. ಸಾಂಪ್ರದಾಯಿಕ ಅನ್ನುವುದಕ್ಕೆ ನನ್ನ ಲೆಕ್ಕ ಬೇರೆ. ಬೆನ್ನಿನ ಸ್ಪ್ರಿಂಗ್ ಒತ್ತಿ ಹಿಡಿಯಬೇಕು, ಉಗುರು ತಗುಲಿಸಿ ಎರಡು ಕೈಯಲ್ಲಿ ತೆರೆಯಬೇಕು, ಮುಚ್ಚುವಾಗ 'ಟಕ್' ಅನ್ನಬೇಕು. ಅಮೆರಿಕದ ಸಂಗ್ರಾಹಕರು ಇದನ್ನು 'ವಾಕ್ ಅಂಡ್ ಟಾಕ್' ಅನ್ನುತ್ತಾರೆ. ಚಾಕು ನಡೆಯುತ್ತದೆ, ಮಾತಾಡುತ್ತದೆ. ನಿನ್ನದು ಮಾತಾಡುತ್ತದಲ್ವಾ? ಸಾಕು.

ಡಾನ್_ನದಿ_ದಂಡೆ:
ಸಾಣೆಕಲ್ಲು ಸರ್, ನಿಮ್ಮ ಲೆಕ್ಕದಲ್ಲಿ ಒಪಿನೆಲ್ಲೇ ಹೊರಗಾಯಿತು, ಅದಕ್ಕೆ ಸ್ಪ್ರಿಂಗ್ ಇಲ್ಲ! ಜಪಾನಿನ ಹಿಗೊನೊಕಾಮಿಯೂ ಹೊರಗೆ. ಮಡಚಿದ ಒಂದು ತಗಡು, ಒಂದು ಅಲಗು, ಹಿಂದೆ ಒಂದು ಚಿಕ್ಕ ಬಾಲ. ಹೆಬ್ಬೆರಳಲ್ಲಿ ಬಾಲ ಒತ್ತಿ ಹಿಡಿದರೆ ಅಲಗು ನಿಲ್ಲುತ್ತದೆ. ಒಂದು ಕಾಲಕ್ಕೆ ಅಲ್ಲಿನ ಶಾಲೆ ಮಕ್ಕಳೆಲ್ಲ ಪೆನ್ಸಿಲ್ ಕೆತ್ತಲು ಇಟ್ಟುಕೊಳ್ಳುತ್ತಿದ್ದರಂತೆ. 1960ರಲ್ಲಿ ಟೋಕಿಯೋದಲ್ಲಿ ಹದಿನೇಳರ ಹುಡುಗನೊಬ್ಬ ರಾಜಕಾರಣಿ ಅಸಾನುಮಾ ಅವರನ್ನು ವೇದಿಕೆ ಮೇಲೆಯೇ ಇರಿದು ಕೊಂದ. ಆಮೇಲೆ ಮಕ್ಕಳ ಕೈಯಿಂದ ಚಾಕು ಬಿಡಿಸುವ ಚಳವಳಿ ನಡೆಯಿತು. ಅವನ ಕೈಯಲ್ಲಿದ್ದದ್ದು ಹಿಗೊನೊಕಾಮಿ ಅಲ್ಲ, ಗಿಡ್ಡ ಖಡ್ಗ. ಪೆಟ್ಟು ಬಿದ್ದದ್ದು ಪೆನ್ಸಿಲ್ ಚಾಕುವಿಗೆ.

ಸಾಣೆಕಲ್ಲು:
ಒಪ್ಪಿದೆ ತಾಯಿ. ನಿಯಮ ಹಿಂದಕ್ಕೆ ತೆಗೆದುಕೊಂಡೆ. 'ಟಕ್' ನನ್ನ ಚಪಲ ಅಂತ ಇಟ್ಟುಕೊಳ್ಳಿ.

ಧಾರವಾಡ_ಪೇಢೆ:
ನನ್ನ ಸಂಕಟವನ್ನೂ ಕೇಳಿ. ಮಾವ ಕೊಟ್ಟ ಜರ್ಮನ್ ಚಾಕು, ಸೋಲಿಂಗೆನ್ ಅಂತ ಚೆಂದದ ಮುದ್ರೆ. ಬೀದಿಯಲ್ಲಿ ಸೈಕಲ್ ಗಾಲಿ ತಿರುಗಿಸಿ ಸಾಣೆ ಹಿಡಿಯುವವನ ಕೈಗೆ ಕೊಟ್ಟೆ. ಕಿಡಿ ಹಾರುವುದನ್ನು ನೋಡುತ್ತಾ ಖುಷಿಯಿಂದ ನಿಂತಿದ್ದೆ, ನನಗೇನು ಗೊತ್ತು. ವಾಪಸ್ ಬಂದಾಗ ಮೊನೆ ನೀಲಿಯಾಗಿತ್ತು, ಅಗಲದಲ್ಲಿ ಕಾಲು ಭಾಗ ಮಾಯ. ಈಗ ಎರಡು ಸೌತೆಕಾಯಿಗೆ ಮೊಂಡಾಗುತ್ತದೆ.

ಇನ್ನೊಂದು. ಆನ್‌ಲೈನಿನಲ್ಲಿ 'ಡಮಾಸ್ಕಸ್' ಅಂತ ಅಲೆಅಲೆ ಗೆರೆಯ ಚಾಕು ತರಿಸಿದೆ. ನಾಲ್ಕು ಸಲ ಮಸೆಯುವಷ್ಟರಲ್ಲಿ ಅಲೆಗಳು ಹೊರಟುಹೋದವು. ಸಮುದ್ರವೇ ಬತ್ತಿತು.

ಸಾಣೆಕಲ್ಲು:
ನೀಲಿ ಬಂತು ಅಂದರೆ ಉಕ್ಕು ಸುಮಾರು 300 ಡಿಗ್ರಿಗೆ ಕಾದಿದೆ, ಹದ ಹೋಯಿತು. ನೀಲಿಯ ಭಾಗ ಸವೆದು ಒಳಗಿನ ಉಕ್ಕು ಬರುವ ತನಕ ಹೀಗೇ. ಕೈಯಲ್ಲೇ ನೀರುಕಲ್ಲಿನ ಮೇಲೆ ಮಸೆಯಿರಿ. ಚಾಕುವಿನ ಬೆನ್ನನ್ನು ಕಲ್ಲಿನಿಂದ ಸುಮಾರು 20 ಡಿಗ್ರಿ ಎತ್ತಿ ಹಿಡಿಯಿರಿ, ಎರಡೂ ಕಡೆ ಒಂದೇ ಸಮ. ಕಲ್ಲು ಇಲ್ಲದಿದ್ದರೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ಬುಡದ ಒರಟು ಅಂಚಿನ ಮೇಲೆ ಎಳೆಯಿರಿ. ನಾನು ಹಾಗೇ ಕಲಿತದ್ದು.

ಡಮಾಸ್ಕಸ್ ವಿಷಯ. ಅಸಲಿಯಲ್ಲೂ ಉಜ್ಜಿದ ಕಡೆ ಗೆರೆ ಮಸುಕಾಗುತ್ತದೆ, ಆದರೆ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದರೆ ವಾಪಸ್ ಬರುತ್ತದೆ. ಎರಡು ಬಗೆಯ ಉಕ್ಕು ಪದರಪದರವಾಗಿ ಇರುವುದರಿಂದ. ಬರಲಿಲ್ಲ ಅಂದರೆ ಮೇಲೆ ಚಿತ್ರ ಬರೆದು ಮಾರಿದ್ದಾರೆ ಅಂತ. ಮಾರುವವರು 'ಪುರಾತನ ವೂಟ್ಜ್' ಅಂತ ಬೇರೆ ಸೇರಿಸುತ್ತಾರೆ. ವೂಟ್ಜ್ ಅನ್ನುವ ಮಾತು ನಮ್ಮ 'ಉಕ್ಕು'ವಿನಿಂದಲೇ ಹೋದದ್ದು ಅಂತಾರೆ, ಅದು ಹೆಮ್ಮೆಯೇ. ಆದರೆ ಅದು ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉಕ್ಕು, ಪದರ ಬೆಸೆದದ್ದಲ್ಲ. ಎಂಟುನೂರು ರೂಪಾಯಿಗೆ ಬರುವುದೂ ಅಲ್ಲ.

ಒಂಬತ್ತಿಂಚು:
ಕೋರ್ಟಿಗೆ ಓಡಾಡುವವನಾಗಿ ನನ್ನದೂ ಎರಡು ಮಾತು, ಹೊಸಬರು ಇದ್ದಾರಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಬರುವ ನಿಯಮಗಳಲ್ಲಿ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕು ಆಯುಧದ ಪಟ್ಟಿಗೆ ಸೇರುತ್ತದೆ. ಅಡುಗೆ, ಬೇಸಾಯದ ಕೆಲಸಕ್ಕೆ ಮಾಡಿದವು ಬೇರೆ. ಹಾಗಂತ ಚಿಕ್ಕದಾದರೆ ಎಲ್ಲ ಕಡೆ ನಡೆಯುತ್ತದೆ ಅಂದುಕೊಳ್ಳಬೇಡಿ. ದಿಲ್ಲಿಯಲ್ಲಿ ಬಟನ್ ಒತ್ತಿದರೆ ತೆರೆಯುವ ಚಾಕುವಿಗೆ 7.62 ಸೆಂಟಿಮೀಟರ್ ಅಂತ ಬೇರೆಯೇ ಅಳತೆ ಇದೆ, 1980ರಿಂದ. ವಿಮಾನದ ಕೈಚೀಲದಲ್ಲಿ ಯಾವ ಚಾಕುವೂ ಬೇಡ.

ರಾಂಪುರಿ, ಅಂದರೆ ರಾಂಪುರದ ಮಡಚುವ ಚಾಕು, ಬೇಕು ಅಂತ ಆಗಾಗ ಕೇಳುತ್ತಾರೆ. ಉತ್ತರ ಪ್ರದೇಶದಲ್ಲಿ ನಾಲ್ಕೂವರೆ ಇಂಚಿಗಿಂತ ಉದ್ದದ್ದನ್ನು 1990ರ ದಶಕದಲ್ಲೇ ನಿಷೇಧಿಸಿದರು. ಕಸುಬು ಅಲ್ಲಿಗೇ ಸೊರಗಿತು. 2023ರಲ್ಲಿ ಅದೇ ರಾಂಪುರದ ವೃತ್ತದಲ್ಲಿ ಸುಮಾರು 20 ಅಡಿಯ ಚಾಕು ನಿಲ್ಲಿಸಿದ್ದಾರೆ. ನಾಲ್ಕೂವರೆ ಇಂಚು ದಾಟಿದ್ದಕ್ಕೆ ಕೇಸ್ ಹಾಕಿದವರು ಯಾರೂ ಇಲ್ಲ.

ಹಿಡಿ ವಿಷಯದಲ್ಲೂ ಎಚ್ಚರ. ಕಡವೆ, ಜಿಂಕೆ ಕೊಂಬಿನದು, ದಂತದ್ದು ಅಂದರೆ 1972ರ ವನ್ಯಜೀವಿ ಕಾಯ್ದೆ ಎದುರಿಗಿರುತ್ತದೆ. ಹಳೇದು ಅಂತ ಮಾರಲು, ಕೊಳ್ಳಲು ಹೋಗಬೇಡಿ.

ಅಡಿಕೆ_ಚಪ್ಪರ:
ಅಯ್ಯೋ, ನನ್ನದು ದಂತ ಆಗಿದ್ದರೆ?

ಡಾನ್_ನದಿ_ದಂಡೆ:
ಭೂತಗನ್ನಡಿಯಲ್ಲಿ ನೋಡಿ. ಸಣ್ಣ ಸಣ್ಣ ಕಪ್ಪು ಚುಕ್ಕೆ, ಗೀಟು ಇದ್ದರೆ ಮೂಳೆ, ರಕ್ತನಾಳಗಳ ಗುರುತು ಅದು. ಕತ್ತರಿಸಿದ ತುದಿಯಲ್ಲಿ ಬಲೆಯ ಹಾಗೆ ಒಂದರ ಮೇಲೊಂದು ಹಾಯುವ ಕಮಾನು ಗೆರೆ ಇದ್ದರೆ ದಂತ. ಏನೂ ಇಲ್ಲದೆ ನುಣ್ಣಗಿದ್ದು, ಹೆಬ್ಬೆರಳಲ್ಲಿ ಉಜ್ಜಿದಾಗ ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಅದಾದರೆ ಬೇರೆ ಚಾಕುಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ. ಹಳತಾದಂತೆ ಅದರಿಂದ ಬರುವ ಹೊಗೆಗೆ ಅಕ್ಕಪಕ್ಕದ ಉಕ್ಕೆಲ್ಲ ತುಕ್ಕು ಹಿಡಿಯುತ್ತದೆ. ನನ್ನ ಒಂದು ಡ್ರಾಯರ್ ಹಾಗೇ ಹಾಳಾಯಿತು.

ಅಡಿಕೆ_ಚಪ್ಪರ:
ಚುಕ್ಕೆಗಳಿವೆ, ಮೂಳೆಯೇ. ನೆಮ್ಮದಿ. ಟಾರ್ಚ್ ಹಿಡಿದೂ ನೋಡಿದೆ. 'ಡಿ' ಇಲ್ಲ. 'ಓ' ಆದ ಮೇಲೆ ನೇರವಾಗಿ 'ಜಿ'. ನಕ್ಷತ್ರವೂ ಇಲ್ಲ, ಶಿಲುಬೆಯೂ ಇಲ್ಲ.

ಡಾನ್_ನದಿ_ದಂಡೆ:
ಹಾಗಾದರೆ ಜೋಸೆಫ್ ರಾಡ್ಜರ್ಸ್ ಅಲ್ಲ. ಹೆಸರಿನ ಹತ್ತಿರ ಹತ್ತಿರ ಬಂದು ನಿಂತ ಯಾರದೋ ಕೈಕೆಲಸ. ಬೇಜಾರಾಯಿತಾ?

ಅಡಿಕೆ_ಚಪ್ಪರ:
ಸುಳ್ಳು ಯಾಕೆ ಹೇಳಲಿ, ಆಯಿತು. ಎಣ್ಣೆ ಬಿಟ್ಟ ಮೇಲೆ ಅಲಗು ಸಲೀಸಾಗಿ ತೆರೆಯುತ್ತಿದೆ, 'ಟಕ್' ಅಂತಲೂ ಅನ್ನುತ್ತಿದೆ. ಆ ಬಿಳಿ ಹಿಟ್ಟು ಮಾತ್ರ ಹಾಗೇ ಇದೆ. ಒಂದು ವಿಚಿತ್ರ, ಅದು ಕೂತ ಜಾಗದಲ್ಲಿ ಒಂದು ಚುಕ್ಕೆ ತುಕ್ಕೂ ಇಲ್ಲ.

ಪುತ್ತೂರು_ಮಳೆ:
ಅದು ಸುಣ್ಣವೋ ಏನೋ! ಸುಣ್ಣ ಇದ್ದಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುವುದಿಲ್ಲ. ಸ್ವಲ್ಪ ಕೆರೆದು ತಟ್ಟೆಗೆ ಹಾಕಿ ಲಿಂಬೆರಸ ಹಿಂಡಿ ನೋಡಿ. ಹಳೇ ಸುಣ್ಣ ಆದರೆ ಗುಳ್ಳೆ ಬರುತ್ತದೆ.

ಅಡಿಕೆ_ಚಪ್ಪರ:
ಬುರುಬುರು ಅಂತ ಗುಳ್ಳೆ ಬಂತು! ಆದರೆ ನಮ್ಮ ಅಜ್ಜ ಜೀವಮಾನದಲ್ಲಿ ಎಲೆ ಅಡಿಕೆ ಬಾಯಿಗೆ ಹಾಕಿದವರಲ್ಲ. ಅಡಿಕೆ ಬೆಳೆದರು, ತಿನ್ನಲಿಲ್ಲ.

ಸಾಣೆಕಲ್ಲು:
ಹಾಗಾದರೆ ಮನೆಯಲ್ಲಿ ಎಲೆ ಹಾಕುತ್ತಿದ್ದವರು ಯಾರು?

ಅಡಿಕೆ_ಚಪ್ಪರ:
ಭಾನುವಾರ ಹುಬ್ಬಳ್ಳಿಗೆ ಹೋಗಿದ್ದೆ. ಅಜ್ಜಿ ಚಿಕ್ಕಪ್ಪನ ಮನೆಯಲ್ಲಿದ್ದಾರೆ, 88 ವರ್ಷ. ಚಾಕು ಕೈಗೆ ಕೊಟ್ಟು "ಅಜ್ಜನ ಚಾಕು ಸಿಕ್ಕಿತು" ಅಂದೆ. ತಿರುಗಿಸಿ ನೋಡಿ, "ಅವರದ್ದು ಯಾಕಾಗಬೇಕು? ಇದು ನಂದು" ಅಂದರು. ಮದುವೆಯಾದ ಹೊಸದರಲ್ಲಿ ಮಾರಿಕಾಂಬಾ ಜಾತ್ರೆಯಲ್ಲಿ ತಾವೇ ಚೌಕಾಸಿ ಮಾಡಿ ತೆಗೆದುಕೊಂಡದ್ದಂತೆ. ಎಲೆಯ ತೊಟ್ಟು ಕತ್ತರಿಸಲು, ನೀರಡಿಕೆ, ಅಂದರೆ ನೀರಲ್ಲಿ ನೆನೆಸಿಟ್ಟ ಅಡಿಕೆ, ಹೋಳು ಮಾಡಲು, ಅದರ ಮೊನೆಯಲ್ಲೇ ಸುಣ್ಣ ಹಚ್ಚಲು. ಕಳೆದುಹೋಯಿತು ಅಂತ ಮೂವತ್ತು ವರ್ಷದಿಂದ ಕೆಲಸದವರ ಮೇಲೆ ಅನುಮಾನ ಇಟ್ಟುಕೊಂಡಿದ್ದರು. ಈಗ ಅಜ್ಜನ ಮೇಲೆ ಬಂದಿದೆ. ಅವರೇ ಬಚ್ಚಿಟ್ಟದ್ದಂತೆ, ಎಲೆ ಬಿಡಿಸಲು.

ನನಗೆ ವಾಪಸ್ ಕೊಡಲಿಲ್ಲ. ಎಲೆಸಂಚಿಗೆ ಹೋಯಿತು.

ಸಾಣೆಕಲ್ಲು:
ಒಂದು ನಿಮಿಷ. ನೀವು ಹೊಲಿಗೆ ಯಂತ್ರದ ಎಣ್ಣೆ ಹಾಕಿದ್ದಿರಲ್ವಾ? ಅಜ್ಜಿ ಬಾಯಿಗೆ ಹೋಗುತ್ತದೆ. ಮೊದಲು ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಪ್ಯಾರಫಿನ್ ಹಾಕಿ.

ಅಡಿಕೆ_ಚಪ್ಪರ:
ತೊಳೆದಾಯಿತು ಸರ್, ಅಜ್ಜಿಯೇ ತೊಳೆದರು. ಪಾತ್ರೆ ತಿಕ್ಕುವ ಪುಡಿ, ಹುಣಸೆಹಣ್ಣು, ತೆಂಗಿನ ನಾರು ಹಾಕಿ. "ಎಂಥ ಕಪ್ಪು ಮಾಡಿಟ್ಟಿದ್ದೀಯೋ" ಅಂತ ನನಗೇ ಬೈದರು. ಈಗ ಮುಖ ನೋಡಿಕೊಳ್ಳಬಹುದು, ಹಾಗಿದೆ.

ಧಾರವಾಡ_ಪೇಢೆ:
ಸಾಣೆಕಲ್ಲು ಸರ್, ನೀರು ಕುಡೀರಿ.

ಸಾಣೆಕಲ್ಲು:
ಇರಲಿ ಬಿಡಿ. ಅವರು ನೀರಡಿಕೆ ಹೆಚ್ಚುತ್ತಿರಲಿ, ದೀಪಾವಳಿ ಹೊತ್ತಿಗೆ ಮತ್ತೆ ಕಪ್ಪಾಗಿರುತ್ತದೆ. ಆಗ ಒಂದು ಫೋಟೋ ಹಾಕಿ.